ಹೋದವರ ಬಟ್ಟೆ, ಮನೆಯ ಕೌದಿ

ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಊರಿಗೆ ಹೊರಟ ಮೇಲೆ ಮನೆಯಲ್ಲಿ ಒಂದು ಬೀರು ಉಳಿಯುತ್ತದೆ. ಅದರೊಳಗೆ ಇಸ್ತ್ರಿ ಮಾಡಿಟ್ಟ ಅಂಗಿಗಳು, ಇನ್ನೂ ಫಾಲ್ ಹಚ್ಚಿಸದ ಸೀರೆ, ತೋಳು ಸವೆದ ಬನಿಯನ್ನು. ಕೆಲವರು ವಾರದೊಳಗೆ ಎಲ್ಲವನ್ನೂ ಮೂಟೆ ಕಟ್ಟಿ ಯಾರಿಗೋ ಕೊಟ್ಟುಬಿಡುತ್ತಾರೆ, ಆರು ತಿಂಗಳಾದ ಮೇಲೆ ಒಂದಾದರೂ ಇಟ್ಟುಕೊಳ್ಳಬೇಕಿತ್ತು ಎಂದು ಹಲುಬುತ್ತಾರೆ. ಇನ್ನು ಕೆಲವರು ಮೂರು ವರ್ಷವಾದರೂ ಆ ಬಾಗಿಲನ್ನೇ ತೆಗೆಯುವುದಿಲ್ಲ. ಈ ಇಬ್ಬರಿಗೂ ಆಗಿಬರುವ ಹಳೆಯ ದಾರಿಯೊಂದು ನಮ್ಮಲ್ಲೇ ಇದೆ. ಅದು ಕೌದಿ, ಹಳೆ ಬಟ್ಟೆಗಳನ್ನು ಕೂಡಿಸಿ ಹೊಲಿದ ಹೊದಿಕೆ.

ಕೌದಿ ಮೂಲತಃ ಉಳಿತಾಯದ ವಸ್ತು. ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ ಹಳೆ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ತೇಪೆ ಕೂರಿಸಿ, ಕೈಹೊಲಿಗೆಯಲ್ಲಿ ಒಂದು ಮಾಡುತ್ತಾರೆ. ಗೊಂದಲಿಗರಂಥ ಸಮುದಾಯಗಳ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಹೊಲಿದುಕೊಡುವುದೂ ಉಂಟು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಮಹಿಳೆಯರ ಕವಂದಿ ಇದರದೇ ಬಳಗದ್ದು. ಅವರು ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ‘ಫುಲಾ’ ಹಚ್ಚಿ ಮುಗಿಸುತ್ತಾರೆ. ಮನೆಯ ಹಳೆ ಬಟ್ಟೆಯೆಲ್ಲ ಸೇರುವ ಕೌದಿಯಲ್ಲಿ ಹೋದವರ ಬಟ್ಟೆಯೂ ಯಾವ ಸದ್ದಿಲ್ಲದೆ ಸೇರಿಕೊಂಡುಬಂದಿದೆ. ಇಲ್ಲಿ ಹೇಳುವುದು ಅದನ್ನೇ ಬೇಕೆಂದು, ನಿಧಾನವಾಗಿ ಮಾಡುವ ಕ್ರಮ.

ಒಂದು ಮಾತು ಮೊದಲೇ ಹೇಳಬೇಕು. ಕೌದಿ ಹೊಲಿದರೆ ದುಃಖ ಹೋಗುವುದಿಲ್ಲ. ಸಾವು ಒಮ್ಮೆಲೇ ತಂದು ಸುರಿಯುವ ನಿರ್ಧಾರಗಳನ್ನು ಅದು ಆರಿಂಚಿನ ತುಂಡುಗಳಾಗಿ ಒಡೆದುಕೊಡುತ್ತದೆ. ಅಪ್ಪನ ಬಟ್ಟೆಗಳನ್ನು ಏನು ಮಾಡಲಿ ಎನ್ನುವ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ಈ ನೀಲಿ ತುಂಡಿನ ಪಕ್ಕ ಯಾವುದನ್ನು ಇಡಲಿ ಎನ್ನುವುದಕ್ಕೆ ಕೈ ತಾನೇ ಉತ್ತರ ಹುಡುಕುತ್ತದೆ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರಾದ ಮಾರ್ಗರೆಟ್ ಸ್ಟ್ರೂಬ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿವರಣೆಯ ಪ್ರಕಾರ, ಸಾವಿನ ದುಃಖದಲ್ಲಿರುವವರು ಕಳೆದುಕೊಂಡದ್ದರ ನೋವಿಗೂ ದಿನದ ಕೆಲಸಗಳಿಗೂ ನಡುವೆ ತೂಗಾಡುತ್ತಿರುತ್ತಾರೆ, ಆ ತೂಗಾಟವೇ ಚೇತರಿಕೆಯ ದಾರಿ. ಕೌದಿಯ ಮುಂದೆ ಕೂತಾಗ ಆಗುವುದೂ ಇದೇ. ಒಂದು ಗಳಿಗೆ ಅಮ್ಮನ ನೆನಪು, ಮರುಗಳಿಗೆ ದಾರ ಗಂಟುಬಿತ್ತಲ್ಲ ಎನ್ನುವ ಕಿರಿಕಿರಿ.

ಮೊದಲ ವಾರಗಳಲ್ಲಿ ಒಂದೇ ಕೆಲಸ

ಹೊಲಿಯಲು ಅವಸರವಿಲ್ಲ, ಎತ್ತಿಡಲು ಮಾತ್ರ ಅವಸರ ಮಾಡಿ. ಹನ್ನೊಂದು, ಹದಿಮೂರರ ದಾನದ ಗಡಿಬಿಡಿಯಲ್ಲಿ ಬಟ್ಟೆ ಹೋಗಿಬಿಡುವುದೇ ಹೆಚ್ಚು. ಅದಕ್ಕೆ ಮೊದಲು ಎಂಟು-ಹತ್ತು ಬಟ್ಟೆಗಳನ್ನು ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ, ಇದನ್ನು ಯಾರೂ ಮುಟ್ಟಬೇಡಿ ಎಂದು ಮನೆಯವರಿಗೆ ಹೇಳಿಬಿಡಿ. ಆರಿಸಲು ಹೋಗಬೇಡಿ, ಕೈಗೆ ಸಿಕ್ಕಿದ ನಿತ್ಯದ ಬಟ್ಟೆ ಸಾಕು.

ಹೋದವರ ಬಟ್ಟೆ ಮನೆಯಲ್ಲಿ ಇಡಬಾರದು ಎನ್ನುವ ಮನೆಗಳಿವೆ. ವಾದಕ್ಕೆ ಇಳಿಯಬೇಡಿ. ಕೊನೆಗೆ ಮೈಮೇಲಿದ್ದ ಬಟ್ಟೆಯನ್ನು ಅವರ ಪದ್ಧತಿಯಂತೆ ಬಿಟ್ಟುಕೊಟ್ಟು, ವರ್ಷಗಳ ಹಿಂದೆ ಉಡುತ್ತಿದ್ದವನ್ನು ಒಗೆದು ಇಟ್ಟುಕೊಳ್ಳುತ್ತೇನೆ ಅಂದರೆ ಹಿರಿಯರು ಸಾಮಾನ್ಯವಾಗಿ ಒಪ್ಪುತ್ತಾರೆ. ಅಜ್ಜಿಯ ಸೀರೆಯ ಕೌದಿಯಲ್ಲಿ ಮಲಗಿಯೇ ಬೆಳೆದವರು ಅವರು. ಅಣ್ಣ-ತಮ್ಮ, ಅಕ್ಕ-ತಂಗಿಯರನ್ನೂ ಈಗಲೇ ಕೇಳಿ. ಕತ್ತರಿ ಹಾಕಿದ ಮೇಲೆ ‘ಆ ಸೀರೆ ನನಗೆ ಬೇಕಿತ್ತು’ ಎಂದು ಹುಟ್ಟುವ ಮನಸ್ತಾಪಕ್ಕೆ ಮದ್ದಿಲ್ಲ.

ಆಮೇಲೆ ಎರಡು ಮೂರು ತಿಂಗಳು ಗಂಟನ್ನು ಬಿಚ್ಚಬೇಡಿ. ಸಮಯ ಬಂತೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆ ಇದೆ: ಬೀರುವಿನ ಬಾಗಿಲು ತೆಗೆದು ಐದು ನಿಮಿಷ ನಿಲ್ಲಿ. ಅಳು ಬಂದರೆ ಪರವಾಗಿಲ್ಲ, ಬರಲೇಬೇಕು. ಅತ್ತ ಮೇಲೆ ಅಡುಗೆಗೋ ಆಫೀಸಿಗೋ ಎದ್ದು ಹೋಗಲು ಆದರೆ ಶುರು ಮಾಡಬಹುದು. ಇಡೀ ದಿನ ಕುಸಿದುಬಿದ್ದರೆ ಇನ್ನೂ ಒಂದು ತಿಂಗಳು ತಡೆಯಿರಿ. ವರ್ಷದ ಕಾರ್ಯದ ಹೊತ್ತಿಗೆ ಮುಗಿಸಲೇಬೇಕು ಎಂಬ ಗಡುವು ಹಾಕಿಕೊಳ್ಳಬೇಡಿ. ಗಡುವಿಗೆ ಹೊಲಿದ ಕೌದಿ ಇನ್ನೊಂದು ಜವಾಬ್ದಾರಿಯಾಗುತ್ತದೆ, ಆ ವರ್ಷ ಅಂಥವು ಬೇಕಾದಷ್ಟಿರುತ್ತವೆ.

ಬೀರು ಖಾಲಿ ಮಾಡುವುದು

ನಿಜವಾದ ಕೆಲಸ ಇದು. ಹೊಲಿಗೆ ಯಾರಿಂದಾದರೂ ಮಾಡಿಸಬಹುದು, ಇದನ್ನು ಮಾಡಿಸಲಾಗದು.

ಫೋನಿನಲ್ಲಿ 40 ನಿಮಿಷಕ್ಕೆ ಅಲಾರಂ ಇಟ್ಟುಕೊಳ್ಳಿ. ಅದು ಹೊಡೆದಾಗ ಅರ್ಧದಲ್ಲಿದ್ದರೂ ಎದ್ದುಬಿಡಿ. ಪಕ್ಕದಲ್ಲಿ ಒಬ್ಬರು ಕೂತಿರಲಿ. ಮಾತು ಕಡಿಮೆ ಇರುವವರಾದರೆ ಒಳ್ಳೆಯದು, ಎಲ್ಲದಕ್ಕೂ ‘ಅಳಬೇಡ’ ಎನ್ನುವವರಂತೂ ಬೇಡವೇ ಬೇಡ. ನೆಲದ ಮೇಲೆ ಹಾಸಿದ ಚಾಪೆಯಲ್ಲಿ ನಾಲ್ಕು ಗುಡ್ಡೆ ಮಾಡಿ: ಕೌದಿಗೆ, ಕೊಡುವುದಕ್ಕೆ, ಹಾಗೇ ಇಡಿಯಾಗಿ ಇಟ್ಟುಕೊಳ್ಳುವುದಕ್ಕೆ, ಗೊತ್ತಿಲ್ಲ. ಇಡಿಯಾಗಿ ಇಡುವುದು ಮೂರನ್ನು ಮೀರದಿರಲಿ. ಮೀರಿದರೆ ಮತ್ತೆ ಬೀರುವೇ ಆಗುತ್ತದೆ. ಮೊದಲ ದಿನ ‘ಗೊತ್ತಿಲ್ಲ’ ಗುಡ್ಡೆಯೇ ಎತ್ತರವಾಗಿರುತ್ತದೆ. ಅದನ್ನು ಹಾಗೆಯೇ ಚೀಲಕ್ಕೆ ತುಂಬಿ, ಎರಡು ವಾರ ಬಿಟ್ಟು ಮತ್ತೆ ಸುರಿದರೆ ಅರ್ಧದಷ್ಟು ಬಟ್ಟೆಗೆ ತಾನೇ ಜಾಗ ಸಿಕ್ಕಿರುತ್ತದೆ.

ಪ್ರತಿ ಜೇಬಿಗೂ ಕೈ ಹಾಕಿ ನೋಡಿ. ಬಸ್ ಟಿಕೆಟ್ಟು, ಅರ್ಧ ಮುಗಿದ ಗುಳಿಗೆಯ ಪಟ್ಟಿ, ಅಡಿಕೆ ಚೂರು, ಕೂಡುವ ಲೆಕ್ಕ ಬರೆದ ಚೀಟಿ. ಆ ಕ್ಷಣಕ್ಕೆ ತಯಾರಾಗಿರಿ, ಬಟ್ಟೆಗಿಂತ ಚೀಟಿ ಹೆಚ್ಚು ನೋಯಿಸುತ್ತದೆ. ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಮುಚ್ಚಿ. ಅದನ್ನು ವಿಂಗಡಿಸುವುದು ಬೇರೆ ದಿನದ ಕೆಲಸ.

ಇನ್ನು ವಾಸನೆಯ ವಿಷಯ. ಒಗೆದರೆ ಹೋಗಿಬಿಡುತ್ತದಲ್ಲ ಎಂದು ಎಷ್ಟೋ ಜನ ಇಲ್ಲಿಗೇ ನಿಂತುಬಿಡುತ್ತಾರೆ. ನಶ್ಯ, ಕೊಬ್ಬರಿ ಎಣ್ಣೆ, ವಿಕ್ಸ್, ಹಳೆ ಟ್ರಂಕಿನ ಡಾಂಬರು ಗುಳಿಗೆ ಎಲ್ಲ ಬೆರೆತ ಆ ವಾಸನೆಯನ್ನು ಕೌದಿಯಲ್ಲಿ ಉಳಿಸಲು ಆಗದು. ಬೆವರು, ಎಣ್ಣೆ ಕೂತ ಬಟ್ಟೆಯನ್ನು ಒಗೆಯದೆ ಹೊಲಿದರೆ ಅದು ಹಳದಿ ತಿರುಗುತ್ತದೆ, ಹುಳು ಅದನ್ನೇ ಹುಡುಕಿಕೊಂಡು ಬರುತ್ತದೆ. ಆದ್ದರಿಂದ ಒಂದೇ ಒಂದು ಬಟ್ಟೆಯನ್ನು, ಟವೆಲ್ಲೋ ಬನಿಯನ್ನೋ, ಒಗೆಯದೆ ಗಾಳಿಯಾಡದ ಜಿಪ್ ಕವರಿನಲ್ಲಿ ಹಾಕಿ ಬೇರೆ ಇಟ್ಟುಬಿಡಿ. ಪದೇ ಪದೇ ತೆಗೆದರೆ ವಾಸನೆ ಬೇಗ ಹೋಗುತ್ತದೆ. ಅದು ಇದೆ ಎನ್ನುವ ಧೈರ್ಯದ ಮೇಲೆ ಉಳಿದದ್ದನ್ನು ಒಗೆಯಲು ಮನಸ್ಸು ಒಪ್ಪುತ್ತದೆ.

ಆಸ್ಪತ್ರೆಯ ಕೊನೆಯ ದಿನಗಳಲ್ಲಿ ಹಾಕಿದ್ದ ಬಟ್ಟೆಯನ್ನು ಕೌದಿಗೆ ಹಾಕಬೇಡಿ. ರಾತ್ರಿ ಹೊದ್ದುಕೊಳ್ಳುವ ವಸ್ತು ಅದು, ಕಣ್ಣಿಗೆ ಬಿದ್ದಾಗಲೆಲ್ಲ ಆ ವಾರ್ಡು ನೆನಪಾಗಬಾರದು.

ಯಾವ ಬಟ್ಟೆ ಒದಗುತ್ತದೆ

ಹಳೆಯ ಹತ್ತಿಗೆ ಸಾಟಿಯಿಲ್ಲ. ನೂರು ಸಲ ಒಗೆದ ಪಂಚೆಯಲ್ಲಿ ಸೂಜಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ. ಪಂಚೆ, ಹತ್ತಿ ಸೀರೆ, ಒಳಲಂಗ, ಲುಂಗಿ ಎಲ್ಲ ಆಗುತ್ತದೆ. ಬಟ್ಟೆಯನ್ನು ಕಿಟಕಿಗೆ ಹಿಡಿದು ನೋಡಿ, ಆಮೇಲೆ ಎರಡು ಹೆಬ್ಬೆರಳ ನಡುವೆ ಮೆಲ್ಲಗೆ ಜಗ್ಗಿ. ಪರ್ ಎಂದು ಬಿಟ್ಟುಕೊಂಡರೆ ಅದನ್ನು ಮೇಲ್ಪದರಕ್ಕೆ ಬಳಸದೆ ಒಳಗೆ ಹಾಕಿ.

ಇಳಕಲ್ ಸೀರೆಯಾದರೆ ಜೋಪಾನ. ಅದರ ಒಡಲು ಮತ್ತು ಸೆರಗನ್ನು ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೂಡುಗೆರೆಯ ಮೇಲೆಯೇ ಕತ್ತರಿ ಆಡಿಸಿದರೆ ಎಳೆ ಬಿಚ್ಚುತ್ತದೆ. ಎರಡೂ ಕಡೆ 2 ಇಂಚು ಬಿಟ್ಟು ಕತ್ತರಿಸಿ, ಟೋಪಿ ತೆನಿ ಎಂಬ ವಿನ್ಯಾಸದ ಸೆರಗನ್ನು ತುಂಡು ಮಾಡದೆ ಕೌದಿಯ ನಡುವೆ ಅಗಲವಾಗಿ ಹಚ್ಚಿದರೆ ನೋಡಲೂ ಚೆಂದ.

ಹಳೆಯ ರೇಷ್ಮೆ ಮಡಿಕೆಯ ಜಾಗದಲ್ಲಿ ಸೀಳಿರುತ್ತದೆ. ತುಂಡಿನ ಹಿಂದೆ ಅದೇ ಅಳತೆಯ ಮಲ್ ಬಟ್ಟೆ ಇಟ್ಟು ಎರಡನ್ನೂ ಒಂದೇ ಎಂದು ಭಾವಿಸಿ ಹೊಲಿಯಬೇಕು. ಟೀ ಶರ್ಟು, ಬನಿಯನ್ನು ಜಗ್ಗುತ್ತವೆ. ಅವುಗಳ ಹಿಂದೆ ಟೈಲರ್ ಸಾಮಾನಿನ ಅಂಗಡಿಯಲ್ಲಿ ಸಿಗುವ ತೆಳು ಪೇಸ್ಟಿಂಗ್ ಕ್ಯಾನ್ವಾಸನ್ನು ಇಸ್ತ್ರಿಯಿಂದ ಅಂಟಿಸಿ, ಆಮೇಲೆ ಕತ್ತರಿಸಿ. ಈ ಕ್ರಮ ತಿರುಗಿಸಿದರೆ ಚೌಕ ಚೌಕವಾಗಿ ಉಳಿಯುವುದಿಲ್ಲ. ಪಾಲಿಯೆಸ್ಟರ್ ಅಂಗಿ ಆಗುತ್ತದೆ, ಇಸ್ತ್ರಿ ಮಾತ್ರ ಹದವಾಗಿರಲಿ. ಜೀನ್ಸಿನ ದಪ್ಪ ಮಡಿಕೆಗಳನ್ನೂ ಸ್ವೆಟರನ್ನೂ ಬಿಟ್ಟುಬಿಡಿ, ಸೂಜಿ ಮುರಿಯುತ್ತದೆ, ತಾಳ್ಮೆಯೂ ಮುರಿಯುತ್ತದೆ.

ಎಲ್ಲವನ್ನೂ ತಣ್ಣೀರಿನಲ್ಲಿ ಸಾದಾ ಸೋಪಿನಿಂದ ಒಗೆದು ನೆರಳಲ್ಲಿ ಒಣಗಿಸಿ. ಕೆಂಪು, ಕಪ್ಪು, ಕಡುನೀಲಿ ಬಟ್ಟೆಗಳನ್ನು ಒದ್ದೆಯಿದ್ದಾಗಲೇ ಬಿಳಿ ಚಿಂದಿಯಿಂದ ಉಜ್ಜಿ ನೋಡಿ. ಚಿಂದಿಗೆ ಬಣ್ಣ ಹತ್ತಿದರೆ ಇನ್ನೂ ಎರಡು ಮೂರು ಸಲ ಒಗೆಯಿರಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುತ್ತಾರೆ. ಬಿಡುವ ಬಣ್ಣವನ್ನು ಉಪ್ಪು ಹಿಡಿದಿಡುವುದಿಲ್ಲ. ಆಮೇಲೂ ಬಿಟ್ಟರೆ ಆ ತುಂಡು ಬಿಳಿಯ ಪಕ್ಕ ಬೇಡ.

ಅಳತೆ ಮತ್ತು ಸಾಮಾನು

ಮೊದಲ ಸಲ ಮಂಚದ ಅಳತೆಗೆ ಹೋಗಬೇಡಿ. ಅರ್ಧಕ್ಕೆ ನಿಂತ ಕೌದಿಗಳಲ್ಲಿ ಹೆಚ್ಚಿನವು 5 ಅಡಿ 7 ಅಡಿಯವು. 36 ಇಂಚು ಅಗಲ, 48 ಇಂಚು ಉದ್ದ ಸಾಕು. ತೊಡೆಯ ಮೇಲೆ ಹೊದೆಯಲು, ಕುರ್ಚಿಗೆ ಹಾಸಲು ಆಗುತ್ತದೆ.

ಲೆಕ್ಕ ಹೀಗೆ. ಐದೂವರೆ ಮೀಟರಿನ ಸೀರೆ ಸುಮಾರು 216 ಇಂಚು ಉದ್ದ, 45 ಇಂಚು ಅಗಲ. ಒಂದು ಬದಿಯ ಅಂಚನ್ನು 5 ಇಂಚಿನ ಪಟ್ಟಿಯಾಗಿ ಉದ್ದಕ್ಕೂ ಕತ್ತರಿಸಿ ಎತ್ತಿಡಿ. ಉಳಿದ 40 ಇಂಚಿನ ಅಗಲದಲ್ಲಿ 52 ಇಂಚಿನ ನಾಲ್ಕು ತುಂಡು ಸಿಗುತ್ತವೆ. ಒಂದು ಅಡಿಗೆ, ಎರಡು ಒಳಗೆ, ನಾಲ್ಕನೆಯದು ರೇಷ್ಮೆಗೂ ಸೋತ ಬಟ್ಟೆಗೂ ಹಿಂಬದಿಯ ಆಸರೆಗೆ. ಅಂದರೆ ಅಮ್ಮನ ಒಂದು ಹತ್ತಿ ಸೀರೆಯಲ್ಲಿ ಇಡೀ ಕೌದಿಯ ಒಡಲು ಆಗಿಹೋಗುತ್ತದೆ.

ಮೇಲ್ಪದರಕ್ಕೆ 6 ಇಂಚಿನ ಚೌಕಗಳು, ಅಡ್ಡಕ್ಕೆ 6, ಉದ್ದಕ್ಕೆ 8, ಒಟ್ಟು 48. ಸುತ್ತಲೂ ಅರ್ಧ ಇಂಚು ಒಳಮಡಿಕೆ ಬೇಕಾದ್ದರಿಂದ 7 ಇಂಚಿಗೆ ಕತ್ತರಿಸಬೇಕು. ತುಂಬು ತೋಳಿನ ಒಂದು ಅಂಗಿಯಲ್ಲಿ ಬೆನ್ನು, ಎದೆ, ತೋಳು ಸೇರಿ ಸುಮಾರು 12 ಚೌಕ ಬರುತ್ತವೆ. ರಟ್ಟಿನಲ್ಲಿ 7 ಇಂಚಿನ ಅಚ್ಚೊಂದನ್ನು ಕತ್ತರಿಸಿಕೊಂಡು ಅದರ ಸುತ್ತ ಚಾಕಿನಿಂದ ಗೆರೆ ಎಳೆಯಿರಿ. ಟೇಪು ಹಿಡಿದು ಒಂದೊಂದನ್ನೂ ಬೇರೆ ಅಳೆದರೆ ಹತ್ತನೆಯ ಚೌಕದ ಹೊತ್ತಿಗೆ ಕಾಲು ಇಂಚು ತಪ್ಪಿರುತ್ತದೆ.

ದಾರ: ಕಸೂತಿಯ ಆರೆಳೆ ಲಡಿಯಲ್ಲಿ ಮೂರೆಳೆ ಬಿಡಿಸಿಕೊಳ್ಳಿ. 8 ಮೀಟರಿನ ಲಡಿ ಹೀಗೆ 16 ಮೀಟರ್ ಆಗುತ್ತದೆ. ಒಂದಿಂಚಿಗೊಂದು ಸುತ್ತು ಹೊಲಿದರೆ 55ರಿಂದ 60 ಮೀಟರ್ ಬೇಕು, ಅಂದರೆ ನಾಲ್ಕು ಲಡಿ. ತೇಪೆಗಳ ಅಂಚಿಗೆ ಇನ್ನೂ ನಾಲ್ಕು. ಒಂದೇ ಸಲ ಎಂಟು ಲಡಿ ತಂದುಬಿಡಿ, ಆಮೇಲೆ ಹೋದರೆ ಅದೇ ಬಣ್ಣ ಸಿಗುವ ಖಾತ್ರಿಯಿಲ್ಲ. ಉದ್ದ ಕಣ್ಣಿನ ಕಸೂತಿ ಸೂಜಿ ಸಾಕು. ದಬ್ಬಣ ಬೇಡ, ಅದು ಗೋಣಿಚೀಲಕ್ಕೆ. ಬೆರಳಿಗೆ ಅಂಗುಸ್ತಾನ ಬೇಕೇ ಬೇಕು. ನಾಲ್ಕು ಪದರಕ್ಕೆ ಬರಿಬೆರಳಿನಿಂದ ಸೂಜಿ ತಳ್ಳಿದರೆ ಮೂರನೆಯ ದಿನ ಕೆಲಸ ನಿಲ್ಲುತ್ತದೆ. ಗುಂಡುಪಿನ್ನು 20 ಎಣಿಸಿ ಡಬ್ಬಿಗೆ ಹಾಕಿ, ಏಳುವಾಗ ಮತ್ತೆ 20 ಎಣಿಸಿ. ಹೊದ್ದುಕೊಳ್ಳುವ ವಸ್ತು, ಒಂದೂ ಒಳಗೆ ಉಳಿಯಬಾರದು.

ಮೊದಲ ಕತ್ತರಿ

ಇಲ್ಲಿ ಕೈ ನಡುಗುತ್ತದೆ. ಕತ್ತರಿಸುವ ಮೊದಲು ಬಟ್ಟೆಯನ್ನು ಹಾಸಿಗೆಯ ಮೇಲೆ ಹರಡಿ, ಹಗಲು ಬೆಳಕಿನಲ್ಲಿ ಹಿಂದೂ ಮುಂದೂ ಒಂದೊಂದು ಫೋಟೋ ತೆಗೆಯಿರಿ. ಮೊದಲ ಕತ್ತರಿ ಕಾಣದ ಜಾಗಕ್ಕೆ ಬೀಳಲಿ: ಪ್ಯಾಂಟಿನೊಳಗೆ ಸೇರಿಸುತ್ತಿದ್ದ ಅಂಗಿಯ ಕೆಳತುದಿ, ಸೀರೆಯ ಒಳಸುತ್ತಿನ ತುದಿ. ಆ ದಿನ ಒಂದು ಅಂಗಿಯಲ್ಲಿ ಎರಡು ಚೌಕ ಕತ್ತರಿಸಿದರೆ ಸಾಕು, ನಿಲ್ಲಿಸಿ.

ಮಾರನೆಯ ದಿನ ಪಶ್ಚಾತ್ತಾಪ ಬಂದರೆ ಗಾಬರಿಯಾಗಬೇಡಿ, ಬಹುತೇಕ ಎಲ್ಲರಿಗೂ ಬರುತ್ತದೆ. ಒಂದು ವಾರ ಕಳೆದರೂ ತಪ್ಪು ಮಾಡಿದೆ ಎಂದೇ ಅನಿಸುತ್ತಿದ್ದರೆ ಆ ಅಂಗಿಯನ್ನು ಅಲ್ಲಿಗೇ ಬಿಟ್ಟು, ಅಷ್ಟು ಹಚ್ಚಿಕೊಳ್ಳದ ಬಟ್ಟೆಯಿಂದ ಮುಂದುವರಿಸಿ. ಕೆಳತುದಿ ಹೋದ ಅಂಗಿ ಇನ್ನೂ ಅಂಗಿಯೇ.

ಜೇಬನ್ನು ಬಿಚ್ಚಬೇಡಿ, ಜೇಬಿರುವ ಚೌಕವನ್ನು ಹಾಗೆಯೇ ಕೂರಿಸಿ. ಪೆನ್ನಿನ ಶಾಯಿ ಸೋರಿದ ಕಲೆ, ಬೀಡಿಯ ಕಿಡಿ ಸುಟ್ಟ ತೂತು, ಅವರೇ ಹಾಕಿಕೊಂಡಿದ್ದ ಒರಟು ಹೊಲಿಗೆ, ಇವನ್ನು ಬಿಟ್ಟು ‘ಚೆನ್ನಾಗಿರುವ’ ಭಾಗ ಕತ್ತರಿಸುವುದು ಹೊಸಬರು ಮಾಡುವ ದೊಡ್ಡ ತಪ್ಪು. ಕೌದಿ ಮುಗಿದ ಮೇಲೆ ಕೈ ಹುಡುಕುವುದು ಆ ಕಲೆಯನ್ನೇ. ತೂತಿನ ಹಿಂದೆ ಚಿಕ್ಕ ಬಟ್ಟೆ ಕೊಟ್ಟು ಸುತ್ತ ಹೊಲಿದರೆ ಹರಿಯುವುದಿಲ್ಲ. ಗುಂಡಿಗಳನ್ನು ಒಂದು ಮೂಲೆಗೆ ಸಾಲಾಗಿ ಹಚ್ಚಬಹುದು. ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ಬೇಡ, ಕಿತ್ತು ನುಂಗುತ್ತವೆ.

ಹಾಸುವುದು, ಹೊಲಿಯುವುದು

ಗುಡಿಸಿದ ನೆಲದ ಮೇಲೆ ಅಡಿಯ ತುಂಡನ್ನು ಹರಡಿ, ನಾಲ್ಕು ಮೂಲೆಗೆ ಪುಸ್ತಕವೋ ಕುಟ್ಟಾಣಿಯೋ ಇಟ್ಟು ಬಿಗಿ ಮಾಡಿ. ಮೇಲೆ ಇನ್ನೆರಡು. ಪ್ರತಿ ಪದರವನ್ನೂ ನಡುವಿನಿಂದ ಹೊರಕ್ಕೆ ಅಂಗೈಯಲ್ಲಿ ಸವರಿ. ನಂತರ ಕಚ್ಚಾ ಹೊಲಿಗೆ: ಬೇರೆ ಬಣ್ಣದ ದಾರ, 2-3 ಇಂಚಿನ ಉದ್ದುದ್ದ ಹೊಲಿಗೆ, ನಡುವಿನಿಂದ ಹೊರಕ್ಕೆ, 5 ಇಂಚಿಗೊಂದು ಸಾಲು. ಇದು ಬೇಸರದ ಕೆಲಸ. ಬಿಟ್ಟವರ ಕೌದಿ ನಡುವೆ ಉಬ್ಬಿಕೊಂಡು ಸುರುಕು ಬೀಳುತ್ತದೆ, ಯಾಕೆಂದರೆ ಅಂಚಿನಿಂದ ಒಳಕ್ಕೆ ಹೊಲಿಯುವಾಗ ಸಡಿಲವೆಲ್ಲ ಸರಿದು ಸರಿದು ನಡುವಿಗೆ ಬಂದು ಸೇರುತ್ತದೆ. ಕೈ ಪಳಗಿದವರು ಸರಿದೂಗಿಸಿಕೊಂಡು ಹೋಗುತ್ತಾರೆ, ಹೊಸಬರಿಗೆ ಅದು ಆಗದು.

ಸುತ್ತಲೂ 2 ಇಂಚು ಬಿಟ್ಟು ನಡುವೆ 36ಕ್ಕೆ 48ರ ಆಯ ಎಳೆದು, 6 ಇಂಚಿನ ಮನೆಗಳನ್ನು ಗುರುತಿಸಿ. ಚೌಕಗಳ ಅಂಚು ಅರ್ಧ ಇಂಚು ಒಳಕ್ಕೆ ಮಡಿಸಿ ಇಸ್ತ್ರಿ ಮಾಡಿ, ಎಲ್ಲವನ್ನೂ ಮನೆಗಳಲ್ಲಿ ಇಟ್ಟು ನೋಡಿ. ಅದಲು ಬದಲು ಮಾಡಿ. ಈ ಹೊತ್ತು ಮನೆಯವರನ್ನೆಲ್ಲ ಕರೆಯಬೇಕಾದದ್ದು. ‘ಇದು ನನ್ನ ಮದುವೆಗೆ ಉಟ್ಟಿದ್ದಲ್ವಾ?’ ಎಂದು ಒಬ್ಬರು ಶುರು ಮಾಡಿದರೆ ತಿಂಗಳುಗಟ್ಟಲೆ ಯಾರೂ ಆಡದ ಮಾತು ಹೊರಬರುತ್ತದೆ. ಮಕ್ಕಳಿಗೂ ಒಂದೆರಡು ಚೌಕ ಆರಿಸಲು ಬಿಡಿ. ಜೋಡಣೆಯ ಫೋಟೋ ತೆಗೆದು, ಹಿಂಬದಿಗೆ ಚಾಕಿನಲ್ಲಿ ನಂಬರು ಹಾಕಿ ಎತ್ತಿಡಿ.

ತೇಪೆಯನ್ನು ಅದರ ಮನೆಗೆ ಪಿನ್ನು ಮಾಡಿ, ಅಂಚಿನಿಂದ ಎರಡು ನೂಲು, ಅಂದರೆ ಕಾಲು ಇಂಚು, ಒಳಗೆ ನಾಲ್ಕೂ ಬದಿ ಓಡುಹೊಲಿಗೆ ಹಾಕಿ. ಒಂದಕ್ಕೆ ಕಾಲು ಗಂಟೆ ಹಿಡಿಯುತ್ತದೆ, ಒಂದು ಸಲಕ್ಕೆ ಎರಡು ಮೂರು ಸಾಕು. ದಾರ ಒಂದು ಮೊಳಕ್ಕಿಂತ ಉದ್ದ ಬೇಡ. ಮತ್ತೆ ಮತ್ತೆ ಪೋಣಿಸುವ ಸೋಮಾರಿತನಕ್ಕೆ ಉದ್ದ ತೆಗೆದುಕೊಂಡರೆ ಗಂಟು ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ. ಶುರುವಿನ ಗಂಟನ್ನು ಮೆಲ್ಲಗೆ ಜಗ್ಗಿ ಪದರಗಳ ನಡುವೆ ಅಡಗಿಸಿ.

ತೇಪೆಗಳೆಲ್ಲ ಕೂತ ಮೇಲೆ ಅಂಚು. ಒಳಗಿನ ಎರಡು ಪದರಗಳನ್ನು ಮಾತ್ರ ಆಯದ ಗೆರೆಯ ಮಟ್ಟಕ್ಕೆ ಕತ್ತರಿಸಿ. ಅಡಿಯ ಪದರದ 2 ಇಂಚನ್ನು ಒಮ್ಮೆ ಅರ್ಧಕ್ಕೆ ಮಡಿಸಿ, ಇನ್ನೊಮ್ಮೆ ಮೇಲಕ್ಕೆ ತಿರುಗಿಸಿ ತೇಪೆಗಳ ಮೇಲೆ ಒಂದಿಂಚಿನ ಚೌಕಟ್ಟಿನಂತೆ ಹೊಲಿಯಿರಿ. ಬೇಕಾದರೆ ಎತ್ತಿಟ್ಟ ಸೀರೆಯಂಚನ್ನೂ ಅದರ ಮೇಲೆ ಹಚ್ಚಬಹುದು. ಕೌದಿಯ ಸುತ್ತಳತೆ 168 ಇಂಚು, ಪಟ್ಟಿ 216 ಇಂಚು, ಮೂಲೆ ತಿರುಗಿಸಲು ಧಾರಾಳ.

ಇನ್ನು ಸುತ್ತು ಹೊಲಿಗೆ. ಅಂಚಿನಿಂದ ಒಂದೊಂದು ಇಂಚು ಒಳಗೆ ಬರುತ್ತ 18 ಸುತ್ತು. ಇಂಚಿಗೆ ಮೂರು ಹೊಲಿಗೆಯಂತೆ ಮೊದಲ ಸುತ್ತಿಗೆ 500 ಹೊಲಿಗೆ, ಮುಕ್ಕಾಲು ಗಂಟೆಯಂತೂ ಬೇಕು. ಪ್ರತಿ ಸುತ್ತೂ ಹಿಂದಿನದಕ್ಕಿಂತ 8 ಇಂಚು ಕಡಿಮೆ, ಹಾಗಾಗಿ ಕೊನೆಯವು ಹತ್ತು ನಿಮಿಷಕ್ಕೆ ಮುಗಿಯುತ್ತವೆ. ಅಂಚಿನಿಂದ ಒಳಕ್ಕೆ ಬರುವ ಕ್ರಮದ ಗುಣ ಇದು, ಬೇಸರ ಬರುವ ಹೊತ್ತಿಗೆ ಕೆಲಸ ಚುರುಕಾಗುತ್ತದೆ. ವಾರಕ್ಕೆ ಮೂರು ಸಲ 40 ನಿಮಿಷ ಕೂತರೆ ಎಲ್ಲ ಸೇರಿ ಹತ್ತು ಹನ್ನೆರಡು ವಾರದ ಕೆಲಸ.

ಮನಸ್ಸು ಬಿಗಿಯಾದ ದಿನ ದಾರವೂ ಬಿಗಿಯಾಗುತ್ತದೆ, ಬಟ್ಟೆ ಸುರುಕುಗಟ್ಟುತ್ತದೆ. ನಾಲ್ಕು ಹೊಲಿಗೆಗೊಮ್ಮೆ ಹೆಬ್ಬೆರಳಿನಿಂದ ಹೊಲಿದ ಸಾಲನ್ನು ಸವರಿ ಸಡಿಲಿಸಿ. ವಾರೆಯಾದ ಸಾಲನ್ನು ಬಿಚ್ಚಬೇಡಿ. ಯಾವ ಸಾಲು ಯಾವ ದಿನದ್ದು ಎಂದು ಗುರುತು ಸಿಗುವುದು ಅಂಥ ಸಾಲಿನಿಂದಲೇ. ಸುರುಕು ಎರಡು ಬೆರಳಿನಷ್ಟು ದಪ್ಪವಾಗಿದ್ದರೆ ಮಾತ್ರ ಆ ತುಂಡನ್ನು ಬಿಚ್ಚಿ. ಯೂಟ್ಯೂಬಿನ ಪರದೇಶದ ಕ್ವಿಲ್ಟುಗಳನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸುವುದಂತೂ ಬೇಡವೇ ಬೇಡ.

ಹೇಳದೆ ಉಳಿದ ಮಾತಿಗೆ ಒಳಪದರ

ಕೌದಿಗೆ ಯಾರೂ ನೋಡದ ಎರಡು ಪದರಗಳಿವೆ. ಅವುಗಳ ಮೇಲೆ ಬರೆಯಬಹುದು. ಒಗೆದರೂ ಹೋಗದ ಬಟ್ಟೆ ಮಾರ್ಕರಿನಿಂದ, ತಿಳಿಬಣ್ಣದ ತುಂಡಿನ ಮೇಲೆ ಬರೆದು, ಕಚ್ಚಾ ಹೊಲಿಗೆಗೆ ಮೊದಲೇ ಒಳಗೆ ಸೇರಿಸಬೇಕು. ಬಿಳಿ ತೇಪೆಯ ಅಡಿಗೆ ಬಂದರೆ ಅಕ್ಷರ ಮೇಲಕ್ಕೆ ಕಾಣಬಹುದು, ಬರಹದ ಬದಿ ಕೆಳಮುಖವಾಗಿರಲಿ.

ಏನು ಬರೆಯಬೇಕು ತೋಚದಿದ್ದರೆ ಮೊದಲು ಕಾಗದದಲ್ಲಿ ಬರೆಯಿರಿ. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಸಹೋದ್ಯೋಗಿ ಸಾಂಡ್ರಾ ಬೀಲ್ ಜೊತೆ ಪ್ರಕಟಿಸಿದ ಪ್ರಯೋಗದಲ್ಲಿ ಜನ ನಾಲ್ಕು ದಿನ ಒಂದೇ ಸಮ, ದಿನಕ್ಕೆ 15 ನಿಮಿಷ, ತಮ್ಮ ನೋವಿನ ಬಗ್ಗೆ ಬರೆದಿದ್ದರು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗುವುದು ಸಹಜ, ಹಾಗಾಗಿ ಮಲಗುವ ಮುಂಚೆ ಬೇಡ, ಸಂಜೆಗೇ ಮುಗಿಸಿ. ಅಕ್ಷರ, ವ್ಯಾಕರಣ ನೋಡಬೇಡಿ. ನಾಲ್ಕನೆಯ ದಿನ ಓದಿ ಎರಡೋ ಮೂರೋ ಸಾಲು ಆರಿಸಿ ಬಟ್ಟೆಗೆ ಇಳಿಸಿ. ಸಿಟ್ಟಿನ ಸಾಲಾದರೂ ಸರಿ. ಸಾಲ ಮಾಡಿಟ್ಟು ಹೋದ ಗಂಡನ ಮೇಲೆ, ಡಾಕ್ಟರ ಬಳಿ ಹೋಗು ಅಂದರೆ ಹೋಗದ ಅಪ್ಪನ ಮೇಲೆ ಸಿಟ್ಟು ಇರಬಾರದೇನು?

ಹೆಸರು ಮೇಲೆ ಕಾಣುವಂತೆ ಬೇಕೆನ್ನುವವರೂ ಇದ್ದಾರೆ. ಏಡ್ಸ್‌ನಿಂದ ತೀರಿಕೊಂಡವರಿಗಾಗಿ ಅಮೆರಿಕದಲ್ಲಿ ಹೊಲಿದ, 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಮೈದಾನದಲ್ಲಿ ಹಾಸಿದ ದೊಡ್ಡ ಸ್ಮರಣೆಯ ಕ್ವಿಲ್ಟಿನ ಒಂದೊಂದು ತುಂಡೂ 3 ಅಡಿಗೆ 6 ಅಡಿ, ಹೆಚ್ಚುಕಡಿಮೆ ಒಂದು ಸಮಾಧಿಯ ಅಳತೆ. ಅಲ್ಲಿ ಹೆಸರು ಬರೆಯುವುದೇ ಉದ್ದೇಶವಾಗಿತ್ತು, ಏಕೆಂದರೆ ಹೊರಗೆ ಆ ಹೆಸರುಗಳನ್ನು ಹೇಳಲು ಜನ ಹಿಂಜರಿಯುತ್ತಿದ್ದರು. ಮನೆಯ ಕೌದಿಗೆ ಅದರ ಅಗತ್ಯ ಕಡಿಮೆ.

ಎಲ್ಲಿ ಎಚ್ಚರ ಬೇಕು

ತೀರಿಕೊಂಡದ್ದು ಮಗುವಾದರೆ ಕತ್ತರಿಸಬೇಡಿ. ಕುಲಾವಿ, ಝಬಲಾ, ಪುಟ್ಟ ಚಡ್ಡಿಗಳಲ್ಲಿ 7 ಇಂಚಿನ ಚೌಕ ಸಿಗುವುದೂ ಇಲ್ಲ. ಇಡೀ ಬಟ್ಟೆಯನ್ನೇ ಚಪ್ಪಟೆಯಾಗಿ ಹರಡಿ, ಸಾದಾ ಬಟ್ಟೆಯ ಮೇಲೆ ಅಂಚಿನುದ್ದಕ್ಕೂ ಸಣ್ಣ ಹೊಲಿಗೆಯಲ್ಲಿ ಕೂರಿಸಿ. ಬೇಕೆನಿಸಿದ ದಿನ ಬಿಚ್ಚಿ ತೆಗೆಯಬಹುದು.

ಆತ್ಮಹತ್ಯೆಯೋ ಕೊಲೆಯೋ ಆದ ಮನೆಯಲ್ಲಿ, ಅಥವಾ ಹೋದವರು ಹೊಡೆದು ಬಡಿದು ಮಾಡಿದವರಾಗಿದ್ದರೆ, ಆ ಬಟ್ಟೆಯ ಜೊತೆ ಒಬ್ಬರೇ ತಿಂಗಳುಗಟ್ಟಲೆ ಕೂರುವುದು ಒಳ್ಳೆಯದಲ್ಲ. ಮೊದಲು ಆಪ್ತಸಮಾಲೋಚಕರೊಬ್ಬರ ಜೊತೆ ಮಾತಾಡಿ. ಹೊಲಿಯಲೇಬೇಕು ಅನಿಸಿದರೆ ನಿಮ್ಮದೇ ಹಳೆಯ ಬಟ್ಟೆಯಿಂದ ಹೊಲಿಯಿರಿ, ಕೈಕೆಲಸದ ಸಮಾಧಾನ ಅದರಲ್ಲೂ ಇದೆ.

ಹೊಲಿಯಲು ಕೂತ ದಿನವೆಲ್ಲ ರಾತ್ರಿ ನಿದ್ದೆ ಹಾಳಾಗುತ್ತಿದ್ದರೆ, ಬೇರೆ ಕೆಲಸ ಬಿಟ್ಟು ಇದರಲ್ಲೇ ಮುಳುಗಿದ್ದರೆ, ಗಂಟು ಕಟ್ಟಿ ಮೇಲಿಡಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ, ಆರು ತಿಂಗಳು ದಾಟಿದರೂ ಸಡಿಲವಾಗದೆ ಬದುಕನ್ನೇ ತಡೆದು ನಿಲ್ಲಿಸುವ ದುಃಖವನ್ನು ಚಿಕಿತ್ಸೆ ಬೇಕಾದ ಸ್ಥಿತಿ ಎಂದು ಪಟ್ಟಿ ಮಾಡಿದ್ದಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ ದೊಡ್ಡವರಿಗೆ ಒಂದು ವರ್ಷ ಎನ್ನುತ್ತದೆ. ಊಟ, ಸ್ನಾನ, ಕೆಲಸ ಯಾವುದೂ ಸಾಗದೆ, ಅವರ ಜೊತೆಗೇ ಹೋಗಿಬಿಡಬೇಕು ಎಂಬ ಯೋಚನೆ ಬರುತ್ತಿದ್ದರೆ ತಿಂಗಳ ಲೆಕ್ಕ ಹಾಕುತ್ತ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಕೈ ನಡುಕವೋ ಕಣ್ಣಿನ ತೊಂದರೆಯೋ ಇದ್ದವರು ಆರಿಸುವುದು, ಕತ್ತರಿಸುವುದು, ಜೋಡಿಸುವುದು ಇಷ್ಟನ್ನು ತಾವು ಮಾಡಿ, ಹೊಲಿಗೆಯನ್ನು ಕೌದಿ ಹೊಲಿಯುವವರಿಗೆ ಕೊಡಬಹುದು. ಕೊಡುವಾಗ ಜೋಡಣೆಯ ಫೋಟೋ ತೋರಿಸಿ, ಕಲೆಯಿರುವ ತುಂಡುಗಳ ಮೇಲೆ ಚೀಟಿ ಸಿಕ್ಕಿಸಿ. ಇಲ್ಲದಿದ್ದರೆ ಒಳ್ಳೆಯ ಮನಸ್ಸಿನಿಂದಲೇ ಅವರು ಕಲೆಯನ್ನು ಕತ್ತರಿಸಿ ಬಿಸಾಡುತ್ತಾರೆ.

ಮುಗಿದ ಮೇಲೆ

ಕಚ್ಚಾ ಹೊಲಿಗೆ ಬಿಚ್ಚಿ, ಇಡೀ ಕೌದಿಯ ಮೇಲೆ ಅಂಗೈ ಆಡಿಸಿ ಪಿನ್ನು, ಸೂಜಿ ಉಳಿದಿಲ್ಲವೆಂದು ನೋಡಿಕೊಳ್ಳಿ. ಮೂಲೆಗೆ ಫುಲಾ ಬೇಕೆಂದರೆ 3 ಇಂಚಿನ ಚೌಕಗಳನ್ನು ಕರ್ಣಕ್ಕೆ ಎರಡು ಸಲ ಮಡಿಸಿ, ತ್ರಿಕೋನವಾದದ್ದನ್ನು ಒಂದರ ಮೇಲೊಂದು ಮೂರು ನಾಲ್ಕು ಇಟ್ಟು ಹೊಲಿದುಬಿಡಿ.

ಬಳಸಿ. ಟ್ರಂಕಿನಲ್ಲಿಟ್ಟ ಕೌದಿ ಮಡಿಕೆಯಲ್ಲಿ ಸೀಳುತ್ತದೆ. ಇಡಲೇಬೇಕಾದರೆ ಪ್ಲಾಸ್ಟಿಕ್ ಕವರು ಬೇಡ, ಹಳೆ ಪಂಚೆಯಲ್ಲಿ ಸುತ್ತಿ ಒಣಗಿದ ಬೇವಿನ ಸೊಪ್ಪು ಹಾಕಿ, ಮೂರು ತಿಂಗಳಿಗೊಮ್ಮೆ ಬೇರೆ ಗೆರೆಯಲ್ಲಿ ಮಡಿಸಿ. ಒಗೆಯುವುದು ಟಬ್ಬಿನಲ್ಲಿ ತಣ್ಣೀರು ಹಾಕಿ, ತುಳಿದು. ಕಲ್ಲಿಗೆ ಬಡಿಯಬೇಡಿ, ಹಿಂಡಬೇಡಿ. ಒದ್ದೆಯಾದರೆ ತುಂಬ ತೂಕ ಬರುತ್ತದೆ, ಒಂದೇ ತಂತಿಯ ಮೇಲೆ ನೇತುಹಾಕಿದರೆ ಹೊಲಿಗೆ ಜಗ್ಗುತ್ತದೆ. ಎರಡು ತಂತಿಯ ಮೇಲೆ ಅಡ್ಡ ಹಾಸಿ ನೆರಳಲ್ಲಿ ಒಣಗಿಸಿ.

ಉಳಿದ ಚಿಂದಿಯನ್ನು ಎಸೆಯಲು ಮನಸ್ಸು ಬಾರದಿದ್ದರೆ ಸಣ್ಣಗೆ ಕತ್ತರಿಸಿ ತಲೆದಿಂಬಿಗೆ ತುಂಬಿ. ಕೊರಳಪಟ್ಟಿ, ಹೊಲಿಗೆಯ ಗಟ್ಟಿ ಗಂಟುಗಳನ್ನು ಮಾತ್ರ ಬೇರೆ ತೆಗೆಯಿರಿ, ಮಲಗಿದಾಗ ಕಿವಿಗೆ ಒತ್ತುತ್ತವೆ.